ಎಫೆಸದಲ್ಲಿ ಕೇಳಿದ ಪ್ರಶ್ನೆ: ಬಿಡುಗಡೆಯ ಸೇವೆ ಮತ್ತು ವಿಶ್ವಾಸಿಯ ಅಧಿಕಾರ

ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 19:8-20

ಸ್ವಲ್ಪ ಮುಂದೆ ಬಂದು ಕೂತ್ಕೊಳ್ಳಿ, ಹಿಂದೆ ನಿಂತಿರೋರಿಗೆ ಜಾಗ ಆಗ್ಲಿ. ಬೈಬಲ್ ತೆಗೆಯಿರಿ. ಮೊಬೈಲ್‌ನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡಿ.

ಹೋದ ವಾರ ನಿಮ್ಮಲ್ಲಿ ಮೂರು ಜನ ನನಗೆ ಒಂದೇ ಪ್ರಶ್ನೆ ಕಳಿಸಿದ್ರಿ. "ಬ್ರದರ್, ನಮಗೂ ದೆವ್ವ ಬಿಡಿಸೋ ಅಧಿಕಾರ ಇದೆಯಾ? ಇದ್ರೆ ಯಾಕೆ ಕೆಲಸ ಮಾಡಲ್ಲ?" ಒಳ್ಳೆ ಪ್ರಶ್ನೆ. ಉತ್ತರ ಕೊಡೋಕೆ ಮುಂಚೆ ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕು.

ನಾನು ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮುಗಿಸಿ ಬಂದ ಹೊಸತು. ಒಂದು ಬಾಡಿಗೆ ಮನೆಯಲ್ಲಿ ಯೌವನಸ್ಥರ ಪ್ರಾರ್ಥನೆ ನಡೆಸ್ತಿದ್ದೆ. ಮೂರು ದಿನದ ಉಪವಾಸ ಪ್ರಾರ್ಥನೆ ಘೋಷಿಸಿದ್ದೆ. ಮೂರನೇ ರಾತ್ರಿ, ಆರಾಧನೆ ನಡೀತಿರುವಾಗ, ಇಂಜಿನಿಯರಿಂಗ್ ಓದ್ತಿದ್ದ ಒಬ್ಬ ತಮ್ಮ ಕೆಳಗೆ ಬಿದ್ದ. ಕೈಕಾಲು ಅದುರ್ತಿತ್ತು, ಬಾಯಲ್ಲಿ ನೊರೆ. ಯಾರೋ ಕೈಗೆ ಬೀಗದ ಕೈ ಕೊಡಿ ಅಂದ್ರು. ನಾನು "ಬೇಡ, ಇದು ಬೇರೆ" ಅಂದೆ. ತಲೆ ಮೇಲೆ ಕೈ ಇಟ್ಟು ಕೂಗೋಕೆ ಶುರು ಮಾಡಿದೆ.

ಎರಡು ನಿಮಿಷದಲ್ಲಿ ಅದುರೋದು ನಿಂತಿತು. ಆದ್ರೆ ಅವನು ಮಂಕಾಗಿ ಏನೇನೋ ಗೊಣಗ್ತಿದ್ದ. ಅದನ್ನ ಆತ್ಮ ಮಾತಾಡ್ತಿದೆ ಅಂದುಕೊಂಡೆ. ಅರ್ಧ ಗಂಟೆ ಗದರಿಸಿದೆ. "ನಿನ್ನ ಹೆಸರೇನು ಹೇಳು" ಅಂದೆ. ಕೊನೆಗೆ ಎಲ್ಲರ ಮುಂದೆ, ಇವನಲ್ಲಿ ಅರಿಕೆ ಮಾಡದ ಯಾವುದೋ ಪಾಪ ಇದೆ ಅಂತಲೂ ಹೇಳಿಬಿಟ್ಟೆ.

ಮುಂದಿನ ವಾರ ಅವನ ತಾಯಿ ಬಂದ್ರು. ಜಗಳ ಆಡಲಿಲ್ಲ. ಅವನಿಗೆ ಚಿಕ್ಕಂದಿನಿಂದ ಮೂರ್ಛೆರೋಗ ಇದೆ, ದಿನಾ ಎರಡು ಹೊತ್ತು ಮಾತ್ರೆ ತಗೊಳ್ತಾನೆ ಅಂದ್ರು. ಉಪವಾಸ ಅಂತ ಮೂರು ದಿನ ಮಾತ್ರೆ ನಿಲ್ಲಿಸಿದ್ದನಂತೆ. ಆಮೇಲೆ ಒಂದೇ ಮಾತು ಕೇಳಿದ್ರು: "ಬ್ರದರ್, ನೀವು ಒಂದ್ಸಲ ಅವನನ್ನ ಕೇಳಿದ್ರಾ?"

ನಾನು ಕೇಳಿರಲಿಲ್ಲ. ದೆವ್ವಕ್ಕೆ ಹತ್ತು ಪ್ರಶ್ನೆ ಕೇಳಿದ್ದೆ, ಆ ತಮ್ಮನಿಗೆ ಒಂದೂ ಕೇಳಿರಲಿಲ್ಲ. ಅವನು ಆ ಪ್ರಾರ್ಥನೆಗೆ ಮತ್ತೆ ಬರಲಿಲ್ಲ. ಮನೆಗೆ ಹೋಗಿ ಕ್ಷಮೆ ಕೇಳಿದೆ, ಅವನು ಕ್ಷಮಿಸಿದ. ಆದ್ರೆ ಆ ತಾಯಿಯ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಅದನ್ನು ಇಟ್ಟುಕೊಂಡೇ ಈ ವಾಕ್ಯಭಾಗ ಓದೋಣ.

ಎಫೆಸ ಎಂಥಾ ಊರು?

ಎಫೆಸ ಈಗಿನ ಟರ್ಕಿ ದೇಶದಲ್ಲಿದೆ. ಆಗ ರೋಮ್ ಸಾಮ್ರಾಜ್ಯದ ದೊಡ್ಡ ಬಂದರು ನಗರ. ಪ್ರಪಂಚದ ಏಳು ಅದ್ಭುತಗಳಲ್ಲಿ ಒಂದಾದ ಅರ್ತೆಮೀ ದೇವಿಯ ಗುಡಿ ಅಲ್ಲಿತ್ತು. ಇನ್ನೊಂದು ವಿಷಯಕ್ಕೂ ಆ ಊರು ಹೆಸರುವಾಸಿ: ಮಂತ್ರವಿದ್ಯೆ. 'ಎಫೆಸದ ಅಕ್ಷರಗಳು' ಅಂತಲೇ ಕರೆಯುವ ಮಂತ್ರದ ಪದಗಳಿದ್ದವು. ಅರ್ಥ ಗೊತ್ತಿಲ್ಲದಿದ್ರೂ ಸರಿಯಾಗಿ ಉಚ್ಚರಿಸಿದ್ರೆ ಕಾಪಾಡುತ್ತೆ ಅಂತ ಜನ ನಂಬಿದ್ದರು.

ಅಂಥಾ ಊರಿಗೆ ಪೌಲ ಬಂದ. ಬಂದವನು ಏನು ಮಾಡಿದ? 8 ರಿಂದ 10ನೇ ವಚನ ನೋಡಿ. ಮೂರು ತಿಂಗಳು ಸಭಾಮಂದಿರದಲ್ಲಿ ಬೋಧಿಸಿದ. ಆಮೇಲೆ ಎರಡು ವರ್ಷ, ದಿನಾಲೂ, ತುರನ್ನನ ತರ್ಕಶಾಲೆಯಲ್ಲಿ ಪಾಠ ಹೇಳಿದ. ದೇವರು ಅವನ ಕೈಯಿಂದ ದೊಡ್ಡ ಅದ್ಭುತ ಮಾಡಿದ್ದು 11ನೇ ವಚನದಲ್ಲಿ ಬರುತ್ತೆ. ಅದಕ್ಕೆ ಮುಂಚೆ ಪ್ರತಿದಿನದ ಪಾಠ ಇದೆ. ನಾವು 10ನೇ ವಚನ ದಾಟಿ ಸೀದಾ 11ಕ್ಕೆ ಹಾರ್ತೀವಿ. ಅಲ್ವಾ?

1. ನಾಮ ಮಂತ್ರವಲ್ಲ

ಅಲ್ಲಿ ಊರೂರು ತಿರುಗಿ ದೆವ್ವ ಬಿಡಿಸುವ ಕೆಲವು ಯೆಹೂದ್ಯರಿದ್ದರು. ಸ್ಕೇವ ಎಂಬುವನ ಏಳು ಮಂದಿ ಮಕ್ಕಳು. ಸ್ಕೇವ ಮುಖ್ಯಯಾಜಕ ಅಂತ ಇಲ್ಲಿದೆ. ಆದ್ರೆ ಆ ಕಾಲದ ಮಹಾಯಾಜಕರ ಪಟ್ಟಿಯಲ್ಲಿ ಅವನ ಹೆಸರು ಸಿಗಲ್ಲ. ಅದು ಅವನೇ ಹಾಕಿಕೊಂಡ ಬಿರುದು ಇರಬಹುದು ಅಂತ ಅನೇಕ ಪಂಡಿತರು ಹೇಳ್ತಾರೆ. ಬ್ಯಾನರ್ ಮೇಲೆ ಬಿರುದು ಹಾಕ್ಕೊಳ್ಳೋದು ಇವತ್ತಿನ ಕಾಯಿಲೆ ಮಾತ್ರ ಅಲ್ಲ ನೋಡಿ.

ಈ ಏಳು ಜನ ಪೌಲನನ್ನು ನೋಡಿದ್ರು. "ಇವನ ಹತ್ರ ಒಳ್ಳೆ ಪದ ಇದೆ, ನಾವೂ ಉಪಯೋಗಿಸೋಣ" ಅಂದುಕೊಂಡ್ರು. ಪೌಲನು ಸಾರುವ ಯೇಸುವಿನ ಹೆಸರಿನಲ್ಲಿ ಅಂತ ಆಣೆ ಇಟ್ಟರು. ಗಮನಿಸಿ, ತಮ್ಮ ಯೇಸು ಅಲ್ಲ, ಪೌಲನ ಯೇಸು. ಬೇರೆಯವರ ಲಾಗಿನ್ ಹಾಕಿದ ಹಾಗೆ.

ಇದು ಆಗಿನ ಕಾಲದಲ್ಲಿ ಹೊಸದೇನಲ್ಲ. ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸುಮಾರು 4ನೇ ಶತಮಾನದ ಒಂದು ಗ್ರೀಕ್ ಮಂತ್ರದ ಹಸ್ತಪ್ರತಿ ಇದೆ. ಅದರಲ್ಲಿ ದೆವ್ವ ಬಿಡಿಸೋಕೆ ಬೇರೆ ಬೇರೆ ಹೆಸರುಗಳ ಜೊತೆ ಯೇಸುವಿನ ಹೆಸರನ್ನೂ ಸೇರಿಸಿದ್ದಾರೆ. ಅವರಿಗೆ ಆ ನಾಮ ಪಟ್ಟಿಯಲ್ಲಿ ಇನ್ನೊಂದು ಪದ ಅಷ್ಟೇ.

ಎಫೆಸದಲ್ಲಿ ಏನಾಯ್ತು? ಆ ದುರಾತ್ಮಕ್ಕೆ ಯೇಸು ಗೊತ್ತಂತೆ, ಪೌಲನ ವಿಷಯವೂ ಗೊತ್ತಂತೆ. ಆದ್ರೆ ಇವರು ಯಾರು ಅಂತ ಅದು ಕೇಳ್ತು. ಒಬ್ಬ ಮನುಷ್ಯ ಏಳು ಜನರ ಮೇಲೆ ಬಿದ್ದ. ಬಟ್ಟೆ ಇಲ್ಲದೆ, ಗಾಯ ಮಾಡಿಕೊಂಡು, ಮನೆ ಬಿಟ್ಟು ಓಡಿದ್ರು.

ನಗಬೇಡಿ. ನಾವೂ ಮಾಡ್ತೀವಿ. ಯಾವುದೋ ದೊಡ್ಡ ಪಾಸ್ಟರ್ ಯೂಟ್ಯೂಬ್‌ನಲ್ಲಿ ಹೇಳೋ ಧಾಟಿ, ಅದೇ ಸ್ವರ, ಅದೇ ಕೈ ಬೀಸೋದು. ಅಭಿಷೇಕದ ಎಣ್ಣೆ ಬಾಟಲಿಯನ್ನ ದಿಂಬಿನ ಕೆಳಗೆ ಇಟ್ಟು ಮಲಗ್ತೀವಿ, ಬೈಬಲ್ ಮಾತ್ರ ವಾರಗಟ್ಟಲೆ ತೆರೆಯಲ್ಲ. ಎಣ್ಣೆ ತಪ್ಪಲ್ಲ, ಯಾಕೋಬನ ಪತ್ರಿಕೆಯಲ್ಲೇ ಇದೆ. ಆದ್ರೆ ಕರ್ತನ ಬದಲು ಬಾಟಲಿ ಮೇಲೆ ನಂಬಿಕೆ ಇಟ್ರೆ ಅದು ತಾಯಿತ ಆಗುತ್ತೆ.

2. ಅಧಿಕಾರ ಇರೋದು ಅಧೀನತೆಯಲ್ಲಿ

ಲೂಕ 9:1 ರಲ್ಲಿ ಯೇಸು ಹನ್ನೆರಡು ಮಂದಿಗೆ ಎರಡು ಕೊಟ್ಟನು. ಗ್ರೀಕ್ ಭಾಷೆಯಲ್ಲಿ ಒಂದು 'ಡೂನಮಿಸ್', ಅಂದ್ರೆ ಶಕ್ತಿ. ಇನ್ನೊಂದು 'ಎಕ್ಸೂಸಿಯ', ಅಂದ್ರೆ ಅಧಿಕಾರ, ಹಕ್ಕು. ಎರಡೂ ಬೇರೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಟ್ರಾಫಿಕ್ ಪೊಲೀಸ್ ಕೈ ಎತ್ತಿದ್ರೆ ಬಿಎಂಟಿಸಿ ಬಸ್ ನಿಲ್ಲುತ್ತೆ. ಅವರ ತೋಳಿನ ಬಲಕ್ಕೆ ಬಸ್ ನಿಲ್ಲಲ್ಲ, ಅವರ ಹಿಂದೆ ಸರ್ಕಾರ ಇದೆ. ಈ ಉದಾಹರಣೆ ನೀವೆಲ್ಲಾ ಕೇಳಿದ್ದೀರಿ. ಆದ್ರೆ ಅದರ ಇನ್ನೊಂದು ಭಾಗ ನಾವು ಹೇಳಲ್ಲ. ಆ ಪೊಲೀಸ್ ಕೂಡ ಇನ್ನೊಬ್ಬರ ಆಜ್ಞೆಯ ಕೆಳಗಿದ್ದಾರೆ. ಇಷ್ಟ ಬಂದಾಗ, ಇಷ್ಟ ಬಂದ ಕಡೆ ನಿಂತು ಬಸ್ ನಿಲ್ಲಿಸೋ ಹಾಗಿಲ್ಲ.

ಮತ್ತಾಯ 8 ರಲ್ಲಿ ಶತಾಧಿಪತಿ ಇದನ್ನೇ ಅರ್ಥ ಮಾಡಿಕೊಂಡಿದ್ದ. ತಾನು ಮತ್ತೊಬ್ಬರ ಕೈಕೆಳಗೆ ಇರುವವನು, ಆದ್ದರಿಂದಲೇ ತನ್ನ ಮಾತು ನಡೆಯುತ್ತೆ ಅಂದ. ಯಾಕೋಬ 4:7 ರ ಕ್ರಮವೂ ಅದೇ. ಮೊದಲು ದೇವರಿಗೆ ಒಳಗಾಗಬೇಕು, ಆಮೇಲೆ ಸೈತಾನನನ್ನು ಎದುರಿಸಬೇಕು. ಮೊದಲ ಭಾಗ ಬಿಟ್ಟು ಎರಡನೇ ಭಾಗ ಮಾತ್ರ ಕೂಗಿದ್ರೆ ಗಂಟಲು ನೋಯುತ್ತೆ, ಅಷ್ಟೇ.

ಹಾಗಾದ್ರೆ ನಮಗೆ ಅಧಿಕಾರ ಇದೆಯಾ? ಇದೆ! ಆಮೆನ್ ಹೇಳೋಣ್ವಾ? ಇದೇ ಎಫೆಸದವರಿಗೆ ಪೌಲ ಪತ್ರ ಬರೆದಾಗ, 1ನೇ ಅಧ್ಯಾಯದಲ್ಲಿ ಕ್ರಿಸ್ತನು ಎಲ್ಲಾ ಅಧಿಕಾರಗಳಿಗಿಂತ ಮೇಲೆ ಕೂತಿದ್ದಾನೆ ಅಂತ ಬರೆದ. 2:6 ರಲ್ಲಿ ದೇವರು ನಮ್ಮನ್ನೂ ಆತನ ಜೊತೆ ಕೂರಿಸಿದ್ದಾನೆ ಅಂದ. ನಾವು ಕೂತಿರೋದು ಕ್ರಿಸ್ತನಲ್ಲಿ. ಕೂತಿರುವವರು ಭಯಪಟ್ಟು ಓಡಬೇಕಾಗಿಲ್ಲ, ತೋರಿಸಿಕೊಳ್ಳೋಕೆ ಕೂಗಬೇಕಾಗಿಯೂ ಇಲ್ಲ.

3. ಅಧಿಕಾರ ಇದ್ದವನು ಕೇಳುತ್ತಾನೆ

ಈಗ ಮಾರ್ಕ 9ಕ್ಕೆ ಬನ್ನಿ. ಒಬ್ಬ ತಂದೆ ತನ್ನ ಮಗನನ್ನು ಕರೆದುಕೊಂಡು ಬಂದಿದ್ದಾನೆ. ಹುಡುಗ ಬೀಳ್ತಾನೆ, ನೊರೆ ಕಾರ್ತಾನೆ. ಶಿಷ್ಯರ ಕೈಯಲ್ಲಿ ಆಗಲಿಲ್ಲ. ಯೇಸು ಬಂದಾಗ ಅವರು ಏನು ಮಾಡ್ತಿದ್ರು? ಅವರ ಸುತ್ತ ಜನ ಸೇರಿ ಶಾಸ್ತ್ರಿಗಳ ಜೊತೆ ವಾದ ನಡೀತಿತ್ತು. ಹುಡುಗ ಹಾಗೇ ಇದ್ದ.

ಹುಡುಗ ಯೇಸುವಿನ ಮುಂದೆಯೇ ಬಿದ್ದು ಹೊರಳಾಡ್ತಿದ್ದಾನೆ. ಪರಲೋಕ ಭೂಲೋಕದ ಅಧಿಕಾರ ಇರುವ ಕರ್ತನು ಆಗ ಏನು ಮಾಡಿದನು? 21ನೇ ವಚನ. ತಂದೆಯನ್ನು ಕೇಳಿದನು, ಇದು ಎಷ್ಟು ದಿನದಿಂದ ಇದೆ ಅಂತ.

ನಾನು ಈ ವಚನವನ್ನ ಪರೀಕ್ಷೆಗೆ ಓದಿದ್ದೆ. ಆ ತಾಯಿ ನನ್ನ ಮುಂದೆ ಕೂತು ಕೇಳಿದ ಮೇಲೆ ಮೊದಲ ಸಲ ಓದಿದ ಹಾಗೆ ಆಯ್ತು. ಯೇಸು ಕೇಳಿದನು, ನಾನು ಕೇಳಲಿಲ್ಲ. ಆತನಿಗೆ ಗೊತ್ತಿರಲಿಲ್ಲ ಅಂತ ಕೇಳಲಿಲ್ಲ. ಆ ತಂದೆಗೆ ಹೇಳಿಕೊಳ್ಳೋಕೆ ಜಾಗ ಕೊಟ್ಟನು. ಆಮೇಲೆ ಗದರಿಸಿದನು. ಹುಡುಗ ಸತ್ತವನ ಹಾಗೆ ಬಿದ್ದಾಗ ಕೈ ಹಿಡಿದು ಎಬ್ಬಿಸಿದನು.

ಮನೆಗೆ ಹೋದ ಮೇಲೆ ಶಿಷ್ಯರು ಕಾರಣ ಕೇಳಿದ್ರು. ಪ್ರಾರ್ಥನೆ ಅಂದನು. ಕೆಲವು ಹಸ್ತಪ್ರತಿಗಳಲ್ಲಿ ಉಪವಾಸವೂ ಸೇರಿದೆ. ಸರಿ, ಉಪವಾಸ ಯಾರು ಮಾಡಬೇಕಿತ್ತು? ಪ್ರಾರ್ಥಿಸುವ ಶಿಷ್ಯರು. ನಾನು ಅದನ್ನ ಕಾಯಿಲೆ ಇರುವ ತಮ್ಮನ ಕೈಯಲ್ಲಿ ಮಾಡಿಸಿದೆ.

ನಿಮ್ಮಲ್ಲಿ ಯಾರಾದ್ರೂ ಕೇಳಬಹುದು: "ಆ ಹುಡುಗನಿಗೂ ಮೂರ್ಛೆಯ ಲಕ್ಷಣವೇ ಇತ್ತಲ್ಲ, ಅದು ದೆವ್ವ ಅಂತ ಬೈಬಲ್ ಹೇಳುತ್ತಲ್ಲ?" ಹೌದು. ಮತ್ತಾಯ 17 ರಲ್ಲಿ ಆ ತಂದೆ ಮೂರ್ಛೆರೋಗ ಅಂತಲೇ ಹೇಳ್ತಾನೆ. ಆದ್ರೆ ಮತ್ತಾಯ 4:24 ರಲ್ಲಿ ದೆವ್ವ ಹಿಡಿದವರನ್ನೂ ಮೂರ್ಛೆರೋಗಿಗಳನ್ನೂ ಬೇರೆ ಬೇರೆಯಾಗಿ ಬರೆದಿದೆ. ಒಂದೇ ಸುವಾರ್ತೆ, ಒಂದೇ ಪದ. ಅಂದ್ರೆ ಹೊರಗಿನ ಲಕ್ಷಣ ನೋಡಿ ತೀರ್ಮಾನ ಮಾಡೋಕಾಗಲ್ಲ. ಅದಕ್ಕೇ ವಿವೇಚನೆ ಪವಿತ್ರಾತ್ಮನ ವರ. ವರ ಇದೆ ಅಂತ ಕೇಳೋದನ್ನ ಬಿಡಬಾರದು.

4. ಪುಸ್ತಕಗಳು ಯಾರ ಮನೆಯಲ್ಲಿದ್ದವು?

ಮತ್ತೆ ಎಫೆಸಕ್ಕೆ ಬನ್ನಿ. 18ನೇ ವಚನ ನಿಧಾನವಾಗಿ ಓದಿ. ಮುಂದೆ ಬಂದು ಅರಿಕೆ ಮಾಡಿದವರು ಯಾರು? ಆಗಲೇ ನಂಬಿದವರು! ಮಂತ್ರದ ಪುಸ್ತಕ ಸಭೆಯವರ ಮನೆಯಲ್ಲೇ ಇತ್ತು. ಎಲ್ಲವನ್ನೂ ತಂದು ಸುಟ್ಟರು. ಬೆಲೆ 50,000 ಬೆಳ್ಳಿ ನಾಣ್ಯ. ಒಂದು ನಾಣ್ಯ ಹೆಚ್ಚು ಕಡಿಮೆ ಕೂಲಿಯವನ ಒಂದು ದಿನದ ಸಂಬಳ. ಒಬ್ಬನು ರಜೆ ಇಲ್ಲದೆ 137 ವರ್ಷ ದುಡಿಯಬೇಕು. ಮಾರಿ ದುಡ್ಡು ಮಾಡಿಕೊಳ್ಳಬಹುದಿತ್ತು. ಮಾಡಲಿಲ್ಲ.

ಎಫೆಸದ ದೊಡ್ಡ ಬಿಡುಗಡೆ ಇದೇ. ಯಾರೂ ಕೆಳಗೆ ಬೀಳಲಿಲ್ಲ. ಬಚ್ಚಿಟ್ಟಿದ್ದನ್ನ ಬೆಳಕಿಗೆ ತಂದ್ರು. ಇವತ್ತು ನಿಮ್ಮ ಮನೆಯಲ್ಲಿ ಹುಡುಕೋದು ಬೇಡ, ಮೊಬೈಲ್‌ನಲ್ಲಿ ನೋಡಿ. ಇಂಟರ್‌ವ್ಯೂಗೆ ಹೋಗೋ ಮುಂಚೆ ನೋಡುವ ಭವಿಷ್ಯದ ಆ್ಯಪ್ ಇರಬಹುದು. ಲಾಕ್ ಹಾಕಿಟ್ಟ ಫೋಲ್ಡರ್ ಇರಬಹುದು.

ಇನ್ನೂ ಒಂದು ಮಾತು. ಮಂತ್ರವಾದದ ಊರಿಗೆ ಬರೆದ ಪತ್ರದಲ್ಲಿ ಸೈತಾನನಿಗೆ ಎಡೆ ಕೊಡಬೇಡಿ ಅಂತ ಪೌಲ ಎಲ್ಲಿ ಬರೆದ ಗೊತ್ತಾ? ಎಫೆಸ 4:26-27. ಮಾಟದ ವಿಷಯದಲ್ಲಿ ಅಲ್ಲ, ಸಿಟ್ಟಿನ ವಿಷಯದಲ್ಲಿ. ಸೂರ್ಯ ಮುಳುಗಿದ ಮೇಲೂ ಇಟ್ಟುಕೊಂಡ ಸಿಟ್ಟು ಸೈತಾನನಿಗೆ ಜಾಗ ಕೊಡುತ್ತೆ. ರಾತ್ರಿಯೆಲ್ಲಾ ಜಾಗರಣೆ ಪ್ರಾರ್ಥನೆ ಮಾಡಿ, ಅಪ್ಪನ ಜೊತೆ ಎರಡು ವರ್ಷದಿಂದ ಮಾತು ಬಿಟ್ಟಿದ್ರೆ, ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟ ಹಾಗೆ.

ನಮ್ಮ ಗುಂಪಿನಲ್ಲಿ ಹೇಗೆ ನಡೀಬೇಕು?

ಬರೆದುಕೊಳ್ಳಿ. ಒಂದು, ಪ್ರಾರ್ಥಿಸೋ ಮುಂಚೆ ಕೇಳಿ: ಎಷ್ಟು ದಿನದಿಂದ? ಡಾಕ್ಟರ್ ನೋಡಿದ್ದಾರಾ? ಮಾತ್ರೆ ಇದೆಯಾ? ಮನೆಯಲ್ಲಿ ಏನಾದ್ರೂ ನಡೆದಿದೆಯಾ? ಎರಡು, ಮಾತ್ರೆ ನಿಲ್ಲಿಸು ಅಂತ ಯಾರಿಗೂ ಹೇಳಬೇಡಿ. ಅದು ನಿಮ್ಮ ಅಧಿಕಾರವಲ್ಲ. ಮೂರು, ಒಬ್ಬರೇ ಪ್ರಾರ್ಥಿಸಬೇಡಿ. ಸಹೋದರಿಯರಿಗೆ ಸಹೋದರಿಯರು, ಜೊತೆಗೆ ಒಬ್ಬ ಹಿರಿಯರು ಇರಲಿ. ನಾಲ್ಕು, ವಿಡಿಯೋ ಬೇಡ. ಒಬ್ಬರ ನೋವು ನಮ್ಮ ರೀಲ್ಸ್ ಅಲ್ಲ. ಐದು, ಫಿಟ್ಸ್ ಬಂದ್ರೆ ಹಿಡಿದು ಒತ್ತಬೇಡಿ, ಬಾಯಿಗೆ ಏನೂ ಹಾಕಬೇಡಿ. ಒಂದು ಪಕ್ಕಕ್ಕೆ ಮಲಗಿಸಿ ಸಮಯ ನೋಡಿ. 5 ನಿಮಿಷ ದಾಟಿದ್ರೆ 108ಕ್ಕೆ ಫೋನ್ ಮಾಡಿ. ಪಕ್ಕದಲ್ಲೇ ಕೂತು ಪ್ರಾರ್ಥಿಸಿ, ಮೆಲ್ಲಗೆ ಪ್ರಾರ್ಥಿಸಿದ್ರೂ ಕರ್ತನಿಗೆ ಕೇಳಿಸುತ್ತೆ.

ನಿದ್ದೆ ಇಲ್ಲದೆ, ಬದುಕೇ ಬೇಡ ಅನ್ನಿಸ್ತಿರುವವರು ಇಲ್ಲಿ ಇದ್ರೆ, ನಿಮ್ಮಲ್ಲಿ ದೆವ್ವ ಇದೆ ಅಂತ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ಕೂಟ ಮುಗಿದ ಮೇಲೆ ನನ್ನ ಹತ್ರ ಬನ್ನಿ. ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ಅದು ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ವೈದ್ಯರ ಹತ್ರ ಹೋಗೋದು ಅವಿಶ್ವಾಸ ಅಲ್ಲ. ಈ ಪುಸ್ತಕ ಬರೆದ ಲೂಕನೇ ವೈದ್ಯ.

ಕೊನೆಯದಾಗಿ ಲೂಕ 10. ಶಿಷ್ಯರು ಸಂತೋಷದಿಂದ ಓಡಿ ಬಂದ್ರು, ದೆವ್ವಗಳೂ ನಮಗೆ ಒಳಗಾದವು ಅಂತ. ಅದಕ್ಕಾಗಿ ಸಂತೋಷಪಡಬೇಡಿ, ಪರಲೋಕದಲ್ಲಿ ನಿಮ್ಮ ಹೆಸರು ಬರೆದಿದೆ ಅಂತ ಸಂತೋಷಪಡಿ ಅನ್ನೋ ಅರ್ಥದಲ್ಲಿ ಕರ್ತನು ಉತ್ತರ ಕೊಟ್ಟನು. ಸ್ಕೇವನ ಮಕ್ಕಳನ್ನು ಆ ಆತ್ಮ ನೀವು ಯಾರು ಅಂತ ಕೇಳ್ತು, ಅವರಿಗೆ ಉತ್ತರ ಇರಲಿಲ್ಲ. ನಮಗೆ ಉತ್ತರ ಇದೆ. ನಾವು ಯಾರು ಅನ್ನೋದು ನಮ್ಮ ಸ್ವರದ ಮೇಲೆ ನಿಂತಿಲ್ಲ, ಆ ಹೆಸರು ಬರೆದ ಕೈಯ ಮೇಲೆ ನಿಂತಿದೆ.

ತಲೆ ಬಾಗಿಸೋಣ. ಕರ್ತನೇ, ನಿನ್ನ ನಾಮವನ್ನು ಮಂತ್ರದಂತೆ ಉಪಯೋಗಿಸಿದ್ದಕ್ಕೆ ಕ್ಷಮಿಸು. ಕೇಳದೆ ತೀರ್ಪು ಮಾಡಿದ್ದಕ್ಕೆ ಕ್ಷಮಿಸು. ಬಚ್ಚಿಟ್ಟಿದ್ದನ್ನ ಇವತ್ತು ಬೆಳಕಿಗೆ ತರೋಕೆ ಬಲ ಕೊಡು. ನಿಜವಾಗಿ ಬಂಧನದಲ್ಲಿ ಇರುವವರನ್ನ ಬಿಡಿಸು. ಕಾಯಿಲೆಯಲ್ಲಿ ಇರುವವರನ್ನ ಮುಟ್ಟು, ಅವರ ಮಾತ್ರೆಯನ್ನೂ ಆಶೀರ್ವದಿಸು. ನಮ್ಮಿಂದ ನೊಂದು ದೂರ ಹೋದ ತಮ್ಮ ತಂಗಿಯರನ್ನ ನೀನೇ ಕೈ ಹಿಡಿದು ಎಬ್ಬಿಸು. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.