ಅನ್ನ ಹೆಚ್ಚಾದರೆ ದನದ ಹೊಟ್ಟೆ ಏಕೆ ನಿಲ್ಲುತ್ತದೆ?

ಮದುವೆ, ಪೂಜೆ ಮುಗಿದ ಮೇಲೆ ಉಳಿದ ಅನ್ನ ಹಟ್ಟಿಗೆ ಹೋಗುವುದು ರೂಢಿ. ಹಲಸಿನ ಕಾಲದಲ್ಲಂತೂ ದನಗಳು ಮರದಡಿ ಬಿಟ್ಟು ಕದಲುವುದಿಲ್ಲ. ಮಾರನೇ ದಿನ ನೋಡಿದರೆ ಮೇವು ಬೇಡ, ಮೆಲುಕಿಲ್ಲ, ಸೆಗಣಿ ನೀರಾಗಿ ಹುಳಿ ವಾಸನೆ. ‘ಅಜೀರ್ಣ, ಸರಿಹೋದೀತು’ ಅಂತ ಕಾದು ಕೂತರೆ ದನ ಕೈತಪ್ಪಬಹುದು.

ದನದ ಮೊದಲ ಹೊಟ್ಟೆಯೆಂದರೆ ಒಂದು ದೊಡ್ಡ ಹುದುಗುವ ಹಂಡೆ. ಅದರ ಒಂದು ಮಿಲಿಲೀಟರ್ ರಸದಲ್ಲಿ ಸುಮಾರು 1,000 ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಹುಲ್ಲಿನ ನಾರನ್ನು ಕರಗಿಸುವುದು ದನವಲ್ಲ, ಇವು. ಹೊಟ್ಟೆ ಆಗಾಗ ಹಿಂಡಿಕೊಂಡು ಮೇವನ್ನು ಕಲಸುತ್ತದೆ, ಮೆಲುಕಿಗೆ ಮೇಲೆ ತಳ್ಳುತ್ತದೆ. ಮೆಲುಕು ಹಾಕುವಾಗ ಬರುವ ಜೊಲ್ಲಿನಲ್ಲಿ ಸೋಡಾದಂಥ ಕ್ಷಾರವಿದ್ದು, ಹುಳಿಯನ್ನು ಹದದಲ್ಲಿಡುತ್ತದೆ.

ಅನ್ನ, ಅಕ್ಕಿ, ಹಲಸಿನ ಹಣ್ಣು ಒಮ್ಮೆಲೇ ರಾಶಿ ಬಿದ್ದಾಗ ಪಿಷ್ಟ, ಸಕ್ಕರೆ ತಿನ್ನುವ ಬ್ಯಾಕ್ಟೀರಿಯಾ ಗಂಟೆಗಳಲ್ಲೇ ವಿಪರೀತ ಹೆಚ್ಚಿ ಲ್ಯಾಕ್ಟಿಕ್ ಆಮ್ಲ ಸುರಿಸುತ್ತವೆ. ಮೊಸರು ಹುಳಿಯಾಗುವುದೂ ಇದೇ ಆಮ್ಲದಿಂದ. 6ರಿಂದ 7ರೊಳಗೆ ಇರಬೇಕಾದ ಪಿಎಚ್ 5ಕ್ಕಿಂತ ಕೆಳಗೂ ಇಳಿಯಬಹುದು. ನಾರು ಕರಗಿಸುವವು ಸಾಯುತ್ತವೆ, ಹೊಟ್ಟೆಯ ಅಲುಗಾಟ ನಿಲ್ಲುತ್ತದೆ. ಅಲುಗಾಟವಿಲ್ಲದೆ ಮೆಲುಕಿಲ್ಲ, ಮೆಲುಕಿಲ್ಲದೆ ಜೊಲ್ಲಿಲ್ಲ, ಜೊಲ್ಲಿಲ್ಲದೆ ಹುಳಿ ಇನ್ನೂ ಏರುತ್ತದೆ. ಮೈಯ ನೀರೆಲ್ಲ ಹೊಟ್ಟೆಗೆ ಎಳೆದುಕೊಂಡು ಕಣ್ಣು ಗುಳಿ ಬೀಳುತ್ತದೆ, ದನ ಮಲಗಿಬಿಡುತ್ತದೆ.

ಪರೀಕ್ಷೆ ಸುಲಭ. ಎಡಬದಿಯಲ್ಲಿ, ಕೊನೆಯ ಪಕ್ಕೆಲುಬಿನ ಹಿಂದಿನ ಗುಳಿಗೆ ಮುಷ್ಟಿ ಒತ್ತಿ ಹಿಡಿಯಿರಿ. ಆರೋಗ್ಯದ ದನದಲ್ಲಿ ಎರಡು ನಿಮಿಷಕ್ಕೆ ಎರಡು-ಮೂರು ಸಲ ಹೊಟ್ಟೆ ಕೈಯನ್ನು ತಳ್ಳುತ್ತದೆ. ಚೆನ್ನಾಗಿರುವಾಗಲೇ ನೋಡಿ ಅಭ್ಯಾಸ ಮಾಡಿಕೊಳ್ಳಿ.

ತಳ್ಳುವುದು ನಿಂತಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ. ಏನು, ಎಷ್ಟು, ಯಾವಾಗ ತಿಂದಿತು ಎಂಬುದನ್ನು ಮುಚ್ಚಿಡದೆ ಹೇಳಿ. ಅವರು ಸೋಡಾ ಕುಡಿಸಬಹುದು, ರಕ್ತನಾಳಕ್ಕೆ ದ್ರವ ಕೊಡಬಹುದು. ಆರೋಗ್ಯದ ದನದ ಹೊಟ್ಟೆಯ ರಸ ತೆಗೆದು ಕುಡಿಸುವ ಕ್ರಮವೂ ಇದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಸತ್ತ ಬ್ಯಾಕ್ಟೀರಿಯಾಗಳ ಜಾಗಕ್ಕೆ ಹೊಸತು. ಸೋತ ದನಕ್ಕೆ ಎಣ್ಣೆ, ಕಷಾಯ ಒತ್ತಾಯದಿಂದ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋದೀತು. ಆಂಟಿಬಯೋಟಿಕ್ ಮಾತ್ರೆಯನ್ನು ನಾವೇ ಬಾಯಿಗೆ ಹಾಕುವುದೂ ಬೇಡ, ಉಳಿದ ಒಳ್ಳೆಯವೂ ಸತ್ತಾವು.

ಹಿಂಡಿ, ಧಾನ್ಯ ಹೆಚ್ಚಿಸುವುದಿದ್ದರೆ ಎರಡು-ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿ. ಬ್ಯಾಕ್ಟೀರಿಯಾಗಳಿಗೆ ಹೊಂದಿಕೊಳ್ಳಲು ಅಷ್ಟು ಸಮಯ ಬೇಕು. ಮೊದಲು ಬೈಹುಲ್ಲು, ಆಮೇಲೆ ಹಿಂಡಿ. ಊಟದ ಮನೆಯಲ್ಲಿ ಉಳಿದ ಅನ್ನ ಗೊಬ್ಬರದ ಗುಂಡಿಗೆ ಬಿದ್ದರೆ ಅನ್ನವಷ್ಟೇ ನಷ್ಟ, ಒಂದೇ ದನದ ಮುಂದೆ ಸುರಿದರೆ ದನವೇ ನಷ್ಟ.