ನಾಟಕವಾಡಲು ಯಾರ ಅಪ್ಪಣೆ ಬೇಕು?

ನಮ್ಮ ಡೊಂಬಿವಲಿಯ ವಾಚನಾಲಯಕ್ಕೆ ಎರಡು ಕಪಾಟುಗಳು ಅವಶ್ಯವಾಗಿವೆ. ಅದಕ್ಕಾಗಿ ರಾಜ್ಯೋತ್ಸವದ ಸಮಯದಲ್ಲಿ ಶ್ರೀರಂಗರ ನಾಟಕವೊಂದನ್ನು ಆಡಿ ಟಿಕೇಟು ಮಾರೋಣವೆಂದು ಕಳೆದ ಸಭೆಯಲ್ಲಿ ಮಾತು ಬಂತು. “ಅಪ್ಪಣೆ ಕೇಳಬೇಡವೇ?” ಎಂದರು ಒಬ್ಬ ತರುಣ ಸದಸ್ಯರು. “ಕನ್ನಡದ ಕೆಲಸಕ್ಕೆ ಎಂಥ ಅಪ್ಪಣೆ?” ಎಂದು ಹಿರಿಯರೊಬ್ಬರು ನಕ್ಕರು. ನಾವೂ ನಕ್ಕೆವು. ಆದರೆ ಮರುದಿನ ಕಪಾಟು ಝಾಡಿಸುವಾಗ ನಮ್ಮದೇ ಹಳೆಯ ಪ್ರಯೋಗವೊಂದರ ಕರಪತ್ರ ಕೈಗೆ ಸಿಕ್ಕಿತು. ಅಧ್ಯಕ್ಷರ ಹೆಸರಿತ್ತು, ಧ್ವನಿವರ್ಧಕದವರ ಹೆಸರಿತ್ತು, ಚಹಾ ಕೊಟ್ಟವರ ಹೆಸರೂ ಇತ್ತು. ನಾಟಕ ಬರೆದವರ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಆಗ ನಗೆ ಬರಲಿಲ್ಲ.

ನಾವು ವಕೀಲರಲ್ಲ; ಗಿರಣಿಯಲ್ಲಿ ಲೆಕ್ಕ ಬರೆಯುವವರು. ಆದರೂ ಕಾಯಿದೆಯ ಪುಸ್ತಕ ತೆರೆದು ತಿಳಿದುಕೊಂಡಷ್ಟನ್ನು ಓದುಗ ಬಂಧುಗಳ ಮುಂದಿಡುತ್ತೇವೆ.

ನಮ್ಮ ದೇಶದ ಗ್ರಂಥಸ್ವಾಮ್ಯದ ಕಾಯಿದೆ 1957 ರದು. 1958 ರ ಜನವರಿ 21 ರಿಂದ ಜಾರಿಗೆ ಬಂದಿತು. ಗಿರಣಿಯಲ್ಲಿ ಸೀರೆಯ ಅಂಚಿಗೆ ಹೊಸ ನಮೂನೆ ಮಾಡಿದರೆ ಅದನ್ನು ನೋಂದಾಯಿಸಬೇಕು, ರಕ್ಷಣೆಯೂ ಹೆಚ್ಚೆಂದರೆ 15 ವರ್ಷ. ನಾಟಕಕ್ಕೆ ಹಾಗಲ್ಲ. ಬರೆದಾಗಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಬೇಡ. ಬರೆದವರ ಜೀವಮಾನವೆಲ್ಲ, ಅವರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ, ಅದು ಉಳಿಯುತ್ತದೆ. ಮೊದಲು 50 ಇತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ, 1992 ರಲ್ಲಿ, ಹತ್ತು ವರ್ಷ ಬೆಳೆಸಿದರು. ಕೈಲಾಸಂ ತೀರಿಕೊಂಡದ್ದು 1946 ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ನಾಟಕಗಳು 2007 ರಿಂದ ಎಲ್ಲರವು. ಶ್ರೀರಂಗರು ತೀರಿಕೊಂಡದ್ದು 1984 ರಲ್ಲಿ. ಅವರ ನಾಟಕಗಳಿಗೆ 2044 ರ ಕೊನೆಯವರೆಗೆ ಹಕ್ಕುದಾರರಿದ್ದಾರೆ. ಹಕ್ಕನ್ನು ಮಾರಿದ ಮೇಲೆಯೂ ಕೃತಿಯ ಮೇಲೆ ತನ್ನ ಹೆಸರಿರಬೇಕೆಂದು ಕೇಳುವ ಅಧಿಕಾರ ಲೇಖಕನಿಗೆ ಉಂಟು. ನಮ್ಮ ಕರಪತ್ರ ಅಲ್ಲಿಯೇ ತಪ್ಪಿತ್ತು.

ಇದೇ ಪ್ರಶ್ನೆ ನಮ್ಮ ಕನ್ನಡದ ರಂಗದಿಂದಲೇ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಶಿವರಾಮ ಕಾರಂತರು ಯಕ್ಷಗಾನದ ವೇಷ, ಕುಣಿತ, ಹಾಡುಗಾರಿಕೆಗಳನ್ನು ಹೊಸದಾಗಿ ಹೊಂದಿಸಿ ‘ಯಕ್ಷರಂಗ’ವೆಂಬ ನೃತ್ಯರೂಪಕವನ್ನು ಕಟ್ಟಿದರು. 1997 ರಲ್ಲಿ ಅವರು ತೀರಿಕೊಂಡರು. 2001 ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯವರು ದಿಲ್ಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಆಡಿಸಿದರು. ಕಾರಂತರ ಮೃತ್ಯುಪತ್ರದ, ಅಂದರೆ ಉಯಿಲಿನ, ಆಧಾರದಿಂದ ಹಕ್ಕು ತಮ್ಮದೆಂದು ಮಾಲಿನಿ ಮಲ್ಯ ಅವರು ಉಡುಪಿಯಲ್ಲಿ ದಾವೆ ಹೂಡಿದರು.

ಸಂಸ್ಥೆಯವರ ತಕರಾರು ಸಣ್ಣದಲ್ಲ. ಕಾರಂತರು ಈ ಕೆಲಸ ಮಾಡಿದ್ದು ತಮ್ಮ ಯಕ್ಷಗಾನ ಕೇಂದ್ರದಲ್ಲಿ, ತಮ್ಮ ಖರ್ಚಿನಲ್ಲಿ ಎಂದರು. ಯಕ್ಷಗಾನವಾದರೋ ತಲೆತಲಾಂತರದ ಸೊತ್ತು, ಅದಕ್ಕೆ ಒಡೆಯರು ಯಾರೆಂದು ನಮಗೂ ಮೊದಲು ಅನಿಸಿತು. ಆದರೆ ಅಭಿಮನ್ಯುವಿನ ಕಥೆ ಎಲ್ಲರದು. ಒಬ್ಬರು ಕುಳಿತು ಅದಕ್ಕೆ ಕೊಟ್ಟ ಹೊಸ ಕಟ್ಟು ಅವರದು. ನ್ಯಾಯಾಲಯಗಳು ಕಾರಂತರ ಹಕ್ಕನ್ನು ಒಪ್ಪಿದವು. 2009 ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ಸೂಕ್ಷ್ಮ ಹೇಳಿತು: ಉಯಿಲಿನಲ್ಲಿ ಹೆಸರಿಸಿದ್ದು ಸಾಹಿತ್ಯ ಕೃತಿಗಳನ್ನು, ನೃತ್ಯರೂಪಕ ಸಾಹಿತ್ಯವಲ್ಲ, ನಾಟಕ ಕೃತಿ. ಆದರೂ ‘ಉಳಿದ ಸೊತ್ತೆಲ್ಲ’ ಎಂಬ ಅರ್ಥದ ಕಲಮಿನ ಮೂಲಕ ಅದು ಅವರಿಗೇ ಸೇರಿತು. ಒಂದು ಕಲಮು ಇಲ್ಲದಿದ್ದರೆ ಫಲ ಬೇರೆಯಾಗುತ್ತಿತ್ತು. ಬರೆಯುವ ಸದಸ್ಯರು ಇದನ್ನು ಗಮನಿಸತಕ್ಕದ್ದು.

ಅದೇ ತೀರ್ಪು ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿತು. ಕಾಯಿದೆಯ 52 ನೆಯ ಕಲಮಿನಲ್ಲಿ ಹೇಳಿದಂತೆ ಆಡಿದರೆ ತಡೆಯಾಜ್ಞೆ ಅಡ್ಡಬಾರದು ಎಂದಿತು. ಹವ್ಯಾಸಿ ಸಂಘವೊಂದು ಹಣ ಕೊಡದ ಪ್ರೇಕ್ಷಕರ ಮುಂದೆ ಆಡಿದರೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ, ಅಪ್ಪಣೆ ಬೇಡ. ಶಾಲೆ ಕಾಲೇಜುಗಳಿಗೂ ಇಂಥ ಸವಲತ್ತುಂಟು. ವಾಚನಾಲಯ ಸರಸ್ವತಿಯ ಗುಡಿಯೆಂದು ನಾವು ಭಾಷಣದಲ್ಲಿ ಹೇಳುತ್ತೇವೆ, ಕಾಯಿದೆ ಅದನ್ನು ಗುಡಿಯೆಂದು ಒಪ್ಪದು! ಟಿಕೇಟಿಗೆ ‘ದೇಣಿಗೆ ಚೀಟಿ’ ಎಂದು ಹೆಸರಿಟ್ಟು ಬಾಗಿಲಲ್ಲಿ ಹಣ ತೆಗೆದುಕೊಂಡರೂ ಅದು ಪುಕ್ಕಟೆ ಆಟವಾಗದೆಂದೇ ನಮ್ಮ ಅಭಿಪ್ರಾಯ.

ಈ ಬಾಗಿಲುಗಳ ಬೆಲೆ ಬಡ ದೇಶದವರಿಗೆ ಹೆಚ್ಚು ಗೊತ್ತು. ಪುಸ್ತಕ ದುಬಾರಿಯಾದ ದೇಶಗಳಿಗೆ ಅನುವಾದ, ಶಿಕ್ಷಣಗಳಲ್ಲಿ ರಿಯಾಯತಿ ಬೇಕೆಂದು 1967 ರ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ಭಾರತ ವಾದಿಸಿತು. 1971 ರಲ್ಲಿ ಪ್ಯಾರಿಸಿನಲ್ಲಿ ಸ್ವಲ್ಪಮಟ್ಟಿಗೆ ಅದು ದೊರೆಯಿತು. ನಮ್ಮಂಥ ವಾಚನಾಲಯಕ್ಕೆ ಹತ್ತಿರದ ಸವಲತ್ತು ಇನ್ನೊಂದಿದೆ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವನ್ನು, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಉಪಯೋಗಕ್ಕಾಗಿ ಮೂರು ಪ್ರತಿಗಳವರೆಗೆ ಮಾಡಿಕೊಳ್ಳಬಹುದು. ಊರಿನಿಂದ ಇಷ್ಟು ದೂರ ಕುಳಿತು ಮುದ್ರಣ ನಿಂತ ಕನ್ನಡ ಪುಸ್ತಕಕ್ಕಾಗಿ ಹಂಬಲಿಸುವ ನಮಗೆ ಅದು ದೊಡ್ಡ ಉಪಕಾರ. ಅಂಗಡಿಯಲ್ಲಿ ಸಿಗುವ ಪುಸ್ತಕಕ್ಕೆ ಇದು ಸಲ್ಲದು, ಅದನ್ನು ಕೊಳ್ಳತಕ್ಕದ್ದೇ.

ನಾಟಕದ ಹಕ್ಕುದಾರರಿಗೆ ಪತ್ರ ಹೋಗಿದೆ. ಟಿಕೇಟಿನ ದರ, ಆಸನಗಳ ಸಂಖ್ಯೆ, ನಾವು ಕೊಡಬಲ್ಲ ಗೌರವಧನ ಎಲ್ಲವನ್ನೂ ಬಿಚ್ಚಿ ಬರೆದಿದ್ದೇವೆ. ಸೆಪ್ಟೆಂಬರ್ ಕೊನೆಯೊಳಗೆ ಒಪ್ಪಿಗೆ ಬಾರದಿದ್ದರೆ ಕೈಲಾಸಂ ನಾಟಕವನ್ನು ಎತ್ತಿಕೊಳ್ಳುವುದೆಂದು ಸಭೆ ನಿಶ್ಚಯಿಸಿದೆ. ಎರಡರ ಪ್ರತಿಗಳೂ ಮೇಜಿನ ಮೇಲಿವೆ. ಪಾತ್ರ ವಹಿಸಲು ಇಚ್ಛೆಯುಳ್ಳವರು, ಥಾಣೆ ಕಲ್ಯಾಣಗಳಿಂದ ಬರುವವರು ಸಹ, ರವಿವಾರ ನಾಲ್ಕು ಗಂಟೆಗೆ ಬಂದು ಹೆಸರು ಕೊಡಬೇಕು. ಕರಪತ್ರದ ಮೊದಲ ಸಾಲನ್ನು ಈಗಾಗಲೇ ಬರೆದಿಟ್ಟಿದ್ದೇವೆ. ಅಲ್ಲಿ ನಾಟಕಕಾರರ ಹೆಸರಿಗೆ ಜಾಗ ಬಿಟ್ಟಿದೆ.