ಇಂದಿನ ಧಮ್ಮ ಚಿಂತನೆ: ದಿಗ್ಭ್ರಮೆ ಮತ್ತು ಸಂವೇಗ



ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಕಾನ್‌ಸ್ಟರ್ನೇಶನ್’ ಎಂಬ ಪದ ಆಗಾಗ ಕಾಣುತ್ತದೆ. ಹಾವು ಕಂಡು ಹೆದರಿದರೆ ಅದು ಬರೀ ಭಯ. ಎದುರುನೋಡದ ಕೆಟ್ಟ ಸುದ್ದಿ ಬಂದು, ಏನು ಮಾಡಬೇಕೆಂದು ತೋಚದೆ ಕಂಗಾಲಾದರೆ ಅದು ಕಾನ್‌ಸ್ಟರ್ನೇಶನ್. ಕನ್ನಡದಲ್ಲಿ ಹತ್ತಿರದ ಪದ ‘ದಿಗ್ಭ್ರಮೆ’, ಅಂದರೆ ದಿಕ್ಕೇ ತಪ್ಪುವುದು. ಇದರ ಲ್ಯಾಟಿನ್ ಮೂಲಪದವನ್ನು ಬೆದರಿದ ಕುದುರೆಗಳಿಗೂ ಬಳಸುತ್ತಿದ್ದರು.

ಭಗವಾನ್ ಬುದ್ಧರೂ ಕುದುರೆಯ ಉಪಮೆ ಹೇಳಿದ್ದಾರೆ. ಅಂಗುತ್ತರ ನಿಕಾಯದಲ್ಲಿ ನಾಲ್ಕು ಉತ್ತಮ ಕುದುರೆಗಳ ಮಾತು ಬರುತ್ತದೆ. ಮೊದಲನೆಯದು ಮುಳ್ಳುಗೋಲಿನ ನೆರಳು ಕಂಡೊಡನೆ ಎಚ್ಚರಗೊಳ್ಳುತ್ತದೆ. ಎರಡನೆಯದು ಕೂದಲಿಗೆ ತಾಗಿದಾಗ, ಮೂರನೆಯದು ಚರ್ಮಕ್ಕೆ ಚುಚ್ಚಿದಾಗ, ನಾಲ್ಕನೆಯದು ಮೂಳೆಗೆ ನಾಟಿದಾಗ. ಮನುಷ್ಯರೂ ಹಾಗೆಯೇ. ಬೇರೆ ಊರಲ್ಲಿ ಯಾರೋ ನೊಂದರು, ಸತ್ತರು ಎಂದು ಕೇಳಿದೊಡನೆ ಒಬ್ಬ ಎಚ್ಚರಗೊಳ್ಳುತ್ತಾನೆ. ಇನ್ನೊಬ್ಬ ಕಣ್ಣಾರೆ ಕಂಡಾಗ, ಮತ್ತೊಬ್ಬ ತನ್ನ ಬಂಧುವಿಗೆ ಆದಾಗ, ಕೊನೆಯವನು ತನ್ನ ಮೈಗೇ ಬಂದಾಗ.

ಈ ಎಚ್ಚರಕ್ಕೆ ಪಾಲಿಯಲ್ಲಿ *ಸಂವೇಗ* ಎನ್ನುತ್ತಾರೆ. ಇದರ ಧಾತುವಿಗೂ ನಡುಗು ಎಂದೇ ಅರ್ಥ. ಆದರೆ ಒಳ್ಳೆಯ ಕುದುರೆ ನಡುಗಿದರೂ ದಾರಿ ಬಿಡುವುದಿಲ್ಲ. ಸಾರಥಿಗೆ ಇಂದು ನನ್ನಿಂದ ಏನಾಗಬೇಕು ಎಂದು ಯೋಚಿಸುತ್ತದೆ. ಎಚ್ಚರಗೊಂಡ ಮನುಷ್ಯ ಧಮ್ಮದ ಸಾಧನೆಗೆ ತೊಡಗುತ್ತಾನೆ.

ಬಾಬಾಸಾಹೇಬರು 1917ರಲ್ಲಿ ಬರೋಡಾಕ್ಕೆ ನೌಕರಿಗೆ ಬಂದಾಗ, ಅಸ್ಪೃಶ್ಯರೆಂಬ ಕಾರಣಕ್ಕೆ ಅವರನ್ನು ವಸತಿಗೃಹದಿಂದ ಹೊರಹಾಕಿದರು. ವಿದೇಶದಲ್ಲಿ ಓದಿ ಬಂದವರಿಗೆ ಆ ಊರಲ್ಲಿ ತಂಗಲು ಒಂದು ಕೋಣೆ ಸಿಗಲಿಲ್ಲ. ಆ ನೋವಿನಲ್ಲಿ ಅವರು ದಿಕ್ಕು ತಪ್ಪಲಿಲ್ಲ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು, 1927ರಲ್ಲಿ ಮಹಾಡ್ ಕೆರೆಯ ನೀರು ಮುಟ್ಟಿದರು, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಮ್ಮೆಲ್ಲರಿಗೂ ಧಮ್ಮದ ದಾರಿ ತೆರೆದರು.

ಬಂಧುಗಳೇ, ನಮ್ಮ ಮೊಬೈಲಿಗೂ ದೌರ್ಜನ್ಯದ ಸುದ್ದಿಗಳು ಬರುತ್ತಲೇ ಇವೆ. ‘ಅಯ್ಯೋ’ ಎಂದು ಫಾರ್ವರ್ಡ್ ಮಾಡಿ ಸುಮ್ಮನಾದರೆ ಅದು ದಿಗ್ಭ್ರಮೆ. ಹೀಗೇ ಆದರೆ ಮನಸ್ಸು ಜಡ್ಡುಗಟ್ಟುತ್ತದೆ, ಮೂಳೆಗೆ ನಾಟುವವರೆಗೂ ಏಳುವುದಿಲ್ಲ.

ಇಂದಿನ ಅಭ್ಯಾಸ: ಅಂಥ ಸುದ್ದಿ ಬಂದರೆ ಐದು ನಿಮಿಷ ಉಸಿರನ್ನು ಗಮನಿಸುತ್ತಾ ಕೂರಿ. ನಂತರ ನಿಮ್ಮಿಂದಾಗುವ ಒಂದು ಕೆಲಸ ಆರಿಸಿಕೊಳ್ಳಿ. ನೊಂದ ಮನೆಯವರನ್ನು ಕಂಡು ಮಾತಾಡಿಸಿ. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡಲು ಅವರ ಜೊತೆ ಠಾಣೆಗೆ ಹೋಗಿ. ಕೇರಿಯ ಒಂದು ಮಗುವಿಗೆ ಪಾಠ ಹೇಳಿಕೊಡಿ. ಸಣ್ಣದಾದರೂ ಸರಿ, ಇಂದೇ ಮಾಡಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.